ಮರೆತದ್ದು ಮತ್ತು ಬಿಟ್ಟದ್ದು: ಜಾವಾದಲ್ಲಿ ತ್ಯಾಗದ ಪ್ರಶ್ನೆ

ವಸ್ತುವೊಂದನ್ನು ಬಿಟ್ಟಂತಾಗುವುದು ಯಾವಾಗ? ಅದರ ಮೇಲಿನ ಮಮತೆ ಹೋದಾಗಲೋ, ಅದನ್ನು ಒಡೆಯನ ಕೈಗೆ ಒಪ್ಪಿಸಿದಾಗಲೋ? ಮೋಕ್ಷಶಾಸ್ತ್ರ ಸಾಮಾನ್ಯವಾಗಿ ಮೊದಲನೆಯದಕ್ಕೆ ಒತ್ತು ಕೊಡುತ್ತದೆ, ವ್ಯವಹಾರಶಾಸ್ತ್ರ ಎರಡನೆಯದಕ್ಕೆ. ಜಾವಾ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರ ದಿನನಿತ್ಯದ ಒಂದು ಸಣ್ಣ ಕೆಲಸದಲ್ಲಿ ಈ ಎರಡು ಉತ್ತರಗಳೂ ಮುಖಾಮುಖಿಯಾಗುತ್ತವೆ. ಫೈಲಿಗಾಗಿ ತೆರೆದ ಸ್ಟ್ರೀಮನ್ನು ಮುಚ್ಚುವುದು, ಡೇಟಾಬೇಸಿನಿಂದ ಪಡೆದ ಕನೆಕ್ಷನ್ ಬಿಡುವುದು, ಇಷ್ಟೇ ಆ ಕೆಲಸ. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಸಿಗುವ ಜಾಗ ಕಡಿಮೆ. ಆದರೆ ಇದನ್ನು ಯಾರು ಮಾಡಬೇಕು, ಯಾವಾಗ ಮಾಡಬೇಕು ಎಂಬ ಬಗ್ಗೆ ಜಾವಾ ಕಟ್ಟಿದವರೇ ಕಾಲು ಶತಮಾನದಲ್ಲಿ ತಮ್ಮ ನಿಲುವನ್ನು ಬುಡಸಮೇತ ತಿದ್ದಿಕೊಂಡಿದ್ದಾರೆ.

ಮೊದಲಿಗೆ, ಪ್ರೋಗ್ರಾಂ ಪಡೆಯುವುದು ಏನನ್ನು ಎಂಬುದು ತಿಳಿಯಬೇಕು. ಜಾವಾದಲ್ಲಿ ಹೊಸ ಆಬ್ಜೆಕ್ಟ್ ಸೃಷ್ಟಿಸಿದಾಗ ಅದಕ್ಕೆ ಬೇಕಾದ ಮೆಮೊರಿ ಸಿಗುವುದು ಜಾವಾ ಯಂತ್ರ ಮೊದಲೇ ತನ್ನದಾಗಿಸಿಕೊಂಡ ಜಾಗದಿಂದ. ಅದು ಮನೆಯೊಳಗಿನ ವ್ಯವಹಾರ. ಉಪಯೋಗ ಮುಗಿದ ಆಬ್ಜೆಕ್ಟನ್ನು ಯಾರೂ ಹಿಂದಿರುಗಿಸಬೇಕಿಲ್ಲ. ಅದನ್ನು ತಲುಪುವ ದಾರಿಗಳೆಲ್ಲ ಕಡಿದುಹೋದ ಮೇಲೆ ಗಾರ್ಬೇಜ್ ಕಲೆಕ್ಟರ್ ಎಂಬ ವ್ಯವಸ್ಥೆ ತನಗೆ ತೋಚಿದ ಹೊತ್ತಿನಲ್ಲಿ ಬಂದು ಗುಡಿಸಿಕೊಂಡು ಹೋಗುತ್ತದೆ. ಫೈಲಿನ ಸಂಗತಿ ಹಾಗಲ್ಲ. ಫೈಲ್ ಓದಲು ತೆರೆದ ಸ್ಟ್ರೀಮ್ ನೋಡುವುದಕ್ಕೆ ಇನ್ನೊಂದು ಆಬ್ಜೆಕ್ಟಿನಂತೆಯೇ ಇರುತ್ತದೆ, ಆದರೆ ಅದರ ಬೆನ್ನಿಗೆ ಆಪರೇಟಿಂಗ್ ಸಿಸ್ಟಂ ಕೊಟ್ಟ ಒಂದು ಸಂಖ್ಯೆ ಇದೆ. ಯೂನಿಕ್ಸ್ ವಂಶದ ವ್ಯವಸ್ಥೆಗಳಲ್ಲಿ ಇದನ್ನು ಫೈಲ್ ಡಿಸ್ಕ್ರಿಪ್ಟರ್ ಎನ್ನುತ್ತಾರೆ. 0, 1, 2 ಎಂಬ ಮೊದಲ ಮೂರು ಸಂಖ್ಯೆಗಳು ಕೀಲಿಮಣೆಯ ಒಳಹರಿವಿಗೆ, ಪರದೆಯ ಹೊರಹರಿವಿಗೆ, ದೋಷಸಂದೇಶಗಳಿಗೆ ಮೀಸಲು. ಉಳಿದವನ್ನು ಕೇಳಿದವರಿಗೆ ಕೇಳಿದ ಕ್ರಮದಲ್ಲಿ ಕೊಡಲಾಗುತ್ತದೆ. ಒಂದು ಪ್ರೋಗ್ರಾಂ ಏಕಕಾಲಕ್ಕೆ ಹಿಡಿದುಕೊಳ್ಳಬಹುದಾದ ಸಂಖ್ಯೆಗಳಿಗೆ ಮಿತಿ ಇದೆ. ಲಿನಕ್ಸ್‌ನಲ್ಲಿ ಈ ಮಿತಿ ವಾಡಿಕೆಯಾಗಿ 1024. ಅದನ್ನು ಅನುಮತಿ ಇರುವಷ್ಟು ಏರಿಸಿಕೊಳ್ಳಬಹುದು, ಜಾವಾ ಯಂತ್ರ ಶುರುವಾಗುವಾಗ ತಾನಾಗಿ ಏರಿಸಿಕೊಳ್ಳುತ್ತದೆ ಕೂಡ. ಏರಿಸಿದ ಮೇಲೂ ಮಿತಿ ಮಿತಿಯೇ.

ಡೇಟಾಬೇಸ್ ಕನೆಕ್ಷನ್ ಇನ್ನೂ ದೂರದ ಋಣ. ಅದರ ಒಡೆತನ ಬೇರೊಂದು ಯಂತ್ರದ್ದು. ಪೋಸ್ಟ್‌ಗ್ರೆಸ್‌ನಲ್ಲಿ ಒಂದೊಂದು ಕನೆಕ್ಷನ್‌ಗೂ ಸರ್ವರಿನ ಮೇಲೆ ಒಂದೊಂದು ಪ್ರತ್ಯೇಕ ಪ್ರೊಸೆಸ್ ಹುಟ್ಟುತ್ತದೆ. ಸಂರಚನೆ ಬದಲಿಸದಿದ್ದರೆ ಒಟ್ಟು 100 ಕನೆಕ್ಷನ್‌ಗಳಿಗೆ ಮಾತ್ರ ಅವಕಾಶ. ಮೈಎಸ್‌ಕ್ಯೂಎಲ್‌ನಲ್ಲಿ ಈ ಸಂಖ್ಯೆ 151. ಜಾವಾ ಪ್ರೋಗ್ರಾಂ ಕನೆಕ್ಷನ್ ಹಿಡಿದು ಕೂತಿದೆ ಎಂದರೆ ಆ ಯಂತ್ರದಲ್ಲಿ ಒಂದು ಆಸನ, ಸ್ವಲ್ಪ ಮೆಮೊರಿ, ಹಲವು ಸಲ ಕೆಲವು ಸಾಲುಗಳ ಮೇಲಿನ ಬೀಗವೂ ಅದರ ಹೆಸರಿನಲ್ಲಿದೆ ಎಂದರ್ಥ.

ಗೊಂದಲ ಹುಟ್ಟುವುದು ಇಲ್ಲಿಯೇ. ಸ್ವಂತದ್ದು, ಎರವಲಿನದು ಎಂಬ ಎರಡನ್ನೂ ಜಾವಾ ಒಂದೇ ವೇಷದಲ್ಲಿ ಮುಂದಿಡುತ್ತದೆ. ಎರಡೂ ಆಬ್ಜೆಕ್ಟ್‌ಗಳೇ, ಎರಡೂ ಸಿಗುವುದು ಒಂದೇ ಬಗೆಯ ಒಂದು ಸಾಲಿನಿಂದ. ಒಂದನ್ನು ಮರೆತುಬಿಡಲು ಭಾಷೆಯೇ ಪ್ರೋತ್ಸಾಹಿಸುತ್ತದೆ, ಅದು ಜಾವಾದ ಹೆಗ್ಗಳಿಕೆಯೂ ಹೌದು. ಇನ್ನೊಂದನ್ನು ಮರೆತರೆ ಅದು ಸೋರಿಕೆ.

ಜಾವಾದ ಮೊದಲ ಆವೃತ್ತಿ 1996ರಲ್ಲಿ ಬಂದಾಗ ಈ ಗೊಂದಲಕ್ಕೆ ಒಂದು ಔದಾರ್ಯದ ಪರಿಹಾರವಿತ್ತು. ಪ್ರತಿ ಆಬ್ಜೆಕ್ಟಿಗೂ ಫೈನಲೈಸ್ ಎಂಬ ಮೆಥಡ್ ಇರಬಹುದು. ಗಾರ್ಬೇಜ್ ಕಲೆಕ್ಟರ್ ಆ ಆಬ್ಜೆಕ್ಟನ್ನು ಗುಡಿಸುವ ಮುನ್ನ ಈ ಮೆಥಡನ್ನು ಕರೆಯುತ್ತದೆ. ಅಲ್ಲಿ ಫೈಲ್ ಮುಚ್ಚಿಬಿಡಬಹುದು. ಫೈಲ್ ಓದುವ, ಬರೆಯುವ ಮೂಲ ಸ್ಟ್ರೀಮ್‌ಗಳಲ್ಲಿ ಈ ಏರ್ಪಾಡು ಬಹುಕಾಲ ಇತ್ತು. ತತ್ತ್ವ ಕೇಳಲು ಹಿತವಾಗಿದೆ: ಮನುಷ್ಯ ಮರೆತರೂ ವ್ಯವಸ್ಥೆ ಮರೆಯದು. ಆಚರಣೆಯಲ್ಲಿ ಅದು ನಿಲ್ಲಲಿಲ್ಲ. ಕಲೆಕ್ಟರ್ ಬರುವುದು ಮೆಮೊರಿ ತುಂಬುತ್ತ ಬಂದಾಗ, ಡಿಸ್ಕ್ರಿಪ್ಟರ್‌ಗಳು ಮುಗಿಯುತ್ತ ಬಂದಾಗ ಅಲ್ಲ. ಸ್ಟ್ರೀಮ್ ಆಬ್ಜೆಕ್ಟ್ ಮೆಮೊರಿಯಲ್ಲಿ ಹಿಡಿಯುವ ಜಾಗ ಅತ್ಯಲ್ಪ, ಆದ್ದರಿಂದ ಅಂಥ ಸಾವಿರ ಆಬ್ಜೆಕ್ಟ್‌ಗಳು ಅನಾಥವಾಗಿ ಬಿದ್ದಿದ್ದರೂ ಕಲೆಕ್ಟರ್‌ಗೆ ಏಳಬೇಕೆಂದು ಅನಿಸುವುದೇ ಇಲ್ಲ. ಅಷ್ಟರಲ್ಲಿ ತೆರೆದ ಫೈಲುಗಳು ಮಿತಿಮೀರಿವೆ ಎಂಬ ದೋಷ ಬಂದು ಪ್ರೋಗ್ರಾಂ ಬಿದ್ದಿರುತ್ತದೆ. ಫೈನಲೈಸ್ ಯಾವಾಗ ನಡೆಯುತ್ತದೆ ಎಂಬ ಭರವಸೆ ಇಲ್ಲ, ನಡೆದೇ ನಡೆಯುತ್ತದೆ ಎಂಬ ಭರವಸೆಯೂ ಇಲ್ಲ. 2017ರ ಜಾವಾ 9ರಲ್ಲಿ ಇದನ್ನು ಬಳಸಬಾರದೆಂದು ಗುರುತು ಹಾಕಲಾಯಿತು. 2022ರ ಜಾವಾ 18ರಲ್ಲಿ ಇದನ್ನು ಮುಂದೆ ಕಿತ್ತುಹಾಕಲಾಗುವುದು ಎಂದು ಘೋಷಿಸಲಾಯಿತು. ಬದಲಿಗೆ ಬಂದ ಕ್ಲೀನರ್ ಎಂಬ ಸೌಕರ್ಯ ಒಂದಿಷ್ಟು ಶಿಸ್ತಿನದು, ಆದರೂ ಅದು ಕೊನೆಯ ಬಲೆಯೇ ಹೊರತು ನಡೆಯಬೇಕಾದ ಹಾದಿಯಲ್ಲ.

ಮಮತೆಯಲ್ಲಿ ಪರಿಗ್ರಹವನ್ನು, ಅಂದರೆ ವಸ್ತುವನ್ನು ತನ್ನದಾಗಿ ಹಿಡಿದಿಡುವುದನ್ನು, ಕಾಣುವ ಜೈನ ಚಿಂತನೆಯ ಎದುರು ಇದನ್ನಿಟ್ಟು ನೋಡಿದರೆ ಕುತೂಹಲದ ಸಂಗತಿಯೊಂದು ಹೊಳೆಯುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಪರಿಗ್ರಹವನ್ನು ಗುರುತಿಸುವುದು ಕೈಯಲ್ಲಿರುವ ವಸ್ತುವಿನಿಂದಲ್ಲ, ವಸ್ತುವಿನ ಮೇಲಿನ ಮೋಹದಿಂದ. ಅದಕ್ಕೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನ ಬರೆದ ಪೂಜ್ಯಪಾದರು ಕನ್ನಡ ನಾಡಿನ ಜೈನ ಪರಂಪರೆಯಲ್ಲಿ ಬಹು ಗೌರವದ ಹೆಸರು. ಹಾಗಾದರೆ ಹೊರಗಿನ ವಸ್ತು ಪರಿಗ್ರಹವೇ ಅಲ್ಲವೇ ಎಂಬ ಆಕ್ಷೇಪವನ್ನು ಅವರೇ ಎತ್ತಿಕೊಂಡು ಉತ್ತರಿಸುತ್ತಾರೆ: ಒಳಗಿನ ಮೋಹವೇ ಮುಖ್ಯ; ಹೊರಗಿನ ವಸ್ತು ಇಲ್ಲದಿದ್ದರೂ ಇದು ನನ್ನದೆಂಬ ಸಂಕಲ್ಪ ಇರುವವನು ಪರಿಗ್ರಹಿಯೇ; ಹೊರಗಿನ ವಸ್ತು ಆ ಮೋಹಕ್ಕೆ ಕಾರಣವಾಗುವುದರಿಂದ ಅದನ್ನೂ ಪರಿಗ್ರಹವೆನ್ನುತ್ತಾರೆ.

ಜಾವಾದ ಸೋರಿಕೆ ಇದರ ನೇರ ತಲೆಕೆಳಗು. ಕನೆಕ್ಷನ್ ಪಡೆದ ಮೆಥಡ್ ಮುಗಿದಿದೆ. ಅದನ್ನು ಹೆಸರಿಸುತ್ತಿದ್ದ ವೇರಿಯಬಲ್ ಅಳಿದಿದೆ. ಇದು ನನ್ನದು ಎನ್ನುವ ಒಂದು ಜೀವವೂ ಪ್ರೋಗ್ರಾಮಿನಲ್ಲಿ ಉಳಿದಿಲ್ಲ. ಮೋಹ ಪೂರ್ತಿ ನಾಶವಾಗಿದೆ, ವಸ್ತು ಮಾತ್ರ ಕೈಬಿಟ್ಟಿಲ್ಲ. ಮೋಹವೊಂದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವ ನೀತಿ ಈ ಪ್ರೋಗ್ರಾಮನ್ನು ನಿರ್ದೋಷಿ ಎನ್ನಬೇಕಾಗುತ್ತದೆ, ಸರ್ವರಿನ ಕಡೆಯಲ್ಲಿ ಆಸನವೊಂದು ಖಾಲಿಯಿಲ್ಲದೆ ಕೂತಿದ್ದರೂ. ಹೀಗೆಂದ ಮಾತ್ರಕ್ಕೆ ಸೂತ್ರದ ಬಲ ಕುಂದುವುದಿಲ್ಲ. ಅದು ಕೇಳುವುದು ಆತ್ಮಕ್ಕೆ ಅಂಟುವ ಕರ್ಮದ ಪ್ರಶ್ನೆಯನ್ನು, ಆಸನದ ಪ್ರಶ್ನೆಯನ್ನಲ್ಲ. ಆದರೆ ಹಂಚಿಕೊಂಡು ಬಾಳಬೇಕಾದ ವಸ್ತುವಿನ ವಿಷಯದಲ್ಲಿ ಒಳಗಿನ ವೈರಾಗ್ಯ ಸಾಲದು ಎಂಬುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಸಿಗುವುದು ಕಷ್ಟ. ಪೂಜ್ಯಪಾದರು ಹೇಳಿದ ಇನ್ನೊಂದು ಬದಿಯೂ ಜಾವಾದಲ್ಲಿ ಸಿಗುತ್ತದೆ. ಕನೆಕ್ಷನ್ ಮರಳಿಸಿಯಾಗಿದೆ, ಆದರೆ ಅದರ ಹೆಸರನ್ನು ಪ್ರೋಗ್ರಾಂ ಇನ್ನೂ ಹಿಡಿದುಕೊಂಡಿದೆ, ಸ್ವಲ್ಪ ಹೊತ್ತಿನ ಮೇಲೆ ಅದರಿಂದಲೇ ಮತ್ತೊಂದು ಪ್ರಶ್ನೆ ಕಳಿಸಲು ನೋಡುತ್ತದೆ. ವಸ್ತುವಿಲ್ಲ, ಮಮತೆ ಇದೆ. ಕನೆಕ್ಷನ್‌ಗಳನ್ನು ಕೂಡಿಟ್ಟು ಎರವಲು ಕೊಡುವ ಒಳ್ಳೆಯ ಕನೆಕ್ಷನ್ ಪೂಲ್‌ಗಳು ಇದನ್ನು ಮೊದಲೇ ಊಹಿಸಿ, ಮರಳಿಸಿದ ಮೇಲೆ ಬಳಸಿದರೆ ಎಕ್ಸೆಪ್ಷನ್ ಎಂಬ ದೋಷಸೂಚನೆ ಎಸೆಯುವ ಹಾಗೆ ಮಾಡಿರುತ್ತವೆ.

ಗೀತೆಯ ಹದಿನೆಂಟನೆಯ ಅಧ್ಯಾಯ ತ್ಯಾಗವನ್ನು ಮೂರಾಗಿ ವಿಂಗಡಿಸುತ್ತದೆ. ಅಲ್ಲಿ ಬಿಡುವ ಮಾತು ಬರುವುದು ಕರ್ಮದ ಬಗ್ಗೆ, ವಸ್ತುವಿನ ಬಗ್ಗೆ ಅಲ್ಲ; ಆ ಕಾರಣಕ್ಕೇ ಅದು ಇಲ್ಲಿ ಹೆಚ್ಚು ಹೊಂದುತ್ತದೆ. ಮಾಡಲೇಬೇಕಾದದ್ದನ್ನು ತಿಳಿವಳಿಕೆ ಮಂಕಾಗಿ ಬಿಡುವುದು ತಾಮಸ. ಮೈಗೆ ತ್ರಾಸವೆಂದು ಬಿಡುವುದು ರಾಜಸ. ಮಾಡಬೇಕಾದದ್ದನ್ನು ಮಾಡಿ, ಅದರ ಮೇಲಿನ ಅಂಟನ್ನೂ ಫಲವನ್ನೂ ಬಿಡುವುದು ಸಾತ್ತ್ವಿಕ. ಕಲೆಕ್ಟರ್ ನೋಡಿಕೊಳ್ಳುತ್ತದೆ ಎಂದುಕೊಂಡು ಸ್ಟ್ರೀಮನ್ನು ಹಾಗೇ ಬಿಟ್ಟುಹೋಗುವುದು ಮೊದಲನೆಯ ಜಾತಿ. ಮುಚ್ಚುವಾಗ ಬರಬಹುದಾದ ದೋಷವನ್ನು ಹಿಡಿದು, ನೋಡದೆ, ಖಾಲಿ ಆವರಣದೊಳಗೆ ನುಂಗಿಹಾಕುವುದು ಎರಡನೆಯದು. ಈ ಎರಡನೆಯದು ಪ್ರೋಗ್ರಾಮರ್‌ಗಳ ನಡುವೆ ಎಷ್ಟು ರೂಢಿಯಾಗಿತ್ತೆಂದರೆ, ಸದ್ದಿಲ್ಲದೆ ಮುಚ್ಚು ಎಂಬ ಅರ್ಥದ ಹೆಸರಿನ ಮೆಥಡೇ ಜನಪ್ರಿಯ ಲೈಬ್ರರಿಯೊಂದರಲ್ಲಿ ಸೇರಿಕೊಂಡಿತು.

ಸದ್ದಿಲ್ಲದೆ ಮುಚ್ಚುವುದರಿಂದ ಏನು ಹೋಯಿತು ಎಂಬುದು ಓದುವ ಸ್ಟ್ರೀಮಿಗೂ ಬರೆಯುವ ಸ್ಟ್ರೀಮಿಗೂ ಬೇರೆ. ಓದಿ ಮುಗಿದ ಫೈಲನ್ನು ಮುಚ್ಚುವಾಗ ದೋಷ ಬಂದರೆ ಬಹುಮಟ್ಟಿಗೆ ನಷ್ಟವಿಲ್ಲ, ಓದಬೇಕಾದದ್ದು ಓದಿಯಾಗಿದೆ. ಬರೆಯುವಾಗ ಹಾಗಲ್ಲ. ಉದಾಹರಣೆಗೆ, ತಿಂಗಳ ಸಂಬಳದ ಪಟ್ಟಿಯನ್ನು ಫೈಲಿಗೆ ಬರೆಯುವ ಪ್ರೋಗ್ರಾಂ ಒಂದಿದೆ ಎನ್ನೋಣ. ಬಫರ್ಡ್ ರೈಟರ್ ಬರುವ ಅಕ್ಷರಗಳನ್ನು ಒಂದೊಂದಾಗಿ ಡಿಸ್ಕಿಗೆ ಕಳಿಸುವುದಿಲ್ಲ, ತನ್ನಲ್ಲಿ ಕೂಡಿಟ್ಟುಕೊಂಡು ತುಂಬಿದಾಗ ಒಮ್ಮೆಗೇ ಕಳಿಸುತ್ತದೆ. ಬೇರೆ ಹೇಳದಿದ್ದರೆ ಈ ಕೂಡಿಟ್ಟ ಜಾಗ ಸಾಮಾನ್ಯವಾಗಿ 8192 ಅಕ್ಷರಗಳದು. ಪಟ್ಟಿ ಇಪ್ಪತ್ತು ಸಾವಿರ ಅಕ್ಷರಗಳಷ್ಟಿದ್ದರೆ ಎರಡು ಕಂತು ಹೋಗಿ, ಮೂರು ಸಾವಿರದ ಆರುನೂರರಷ್ಟು ಅಕ್ಷರಗಳು ಬಫರಿನಲ್ಲೇ ಉಳಿದಿರುತ್ತವೆ. ಮುಚ್ಚುವ ಕರೆ ಬಂದಾಗ ಅವೂ ಹೊರಬೀಳಬೇಕು. ಆ ಕರೆ ಬರಲೇ ಇಲ್ಲವೆಂದರೆ ಪಟ್ಟಿಯ ಬಾಲ ಇಲ್ಲ. ಪ್ರೋಗ್ರಾಂ ಯಾವ ದೂರನ್ನೂ ಹೇಳದೆ ಯಶಸ್ವಿಯಾಗಿ ಮುಗಿದಿರುತ್ತದೆ, ಫೈಲ್ ಒಂದು ಹೆಸರಿನ ನಡುವೆ ನಿಂತಿರುತ್ತದೆ. ಮುಚ್ಚುವ ಕರೆ ಬಂದು, ಆ ಹೊತ್ತಿಗೆ ಡಿಸ್ಕ್ ತುಂಬಿದ್ದು, ದೋಷವನ್ನು ಯಾರೋ ನುಂಗಿದ್ದರೂ ಕಾಣುವುದು ಇದೇ. ಹಾಗಾಗಿ ಮುಚ್ಚುವುದನ್ನು ಬರಿಯ ಬಿಡುಗಡೆ ಎಂದುಕೊಳ್ಳುವುದು ಅರ್ಧ ಸತ್ಯ. ಬರೆಯುವ ಕೆಲಸ ನಿಜವಾಗಿ ಮುಗಿಯುವುದೇ ಅಲ್ಲಿ.

ಎರವಲಿನ ನೀತಿಯನ್ನು ಸವಿವರವಾಗಿ ಚರ್ಚಿಸಿದ್ದು ವ್ಯವಹಾರಶಾಸ್ತ್ರ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಉಪನಿಧಿ ಎಂಬ ಚಿಕ್ಕ ಪ್ರಕರಣವಿದೆ. ಒಳಗೇನಿದೆ ಎಂದು ಹೇಳದೆ ಪೆಟ್ಟಿಗೆಯಲ್ಲಿಟ್ಟು ಇನ್ನೊಬ್ಬನ ಕೈಗೆ ಕೊಟ್ಟದ್ದು ಉಪನಿಧಿ. ಅದನ್ನು ಕೊಟ್ಟ ಹಾಗೆಯೇ ಮರಳಿಸಬೇಕು. ರಾಜನಿಂದ, ದೈವದಿಂದ, ಕಳ್ಳರಿಂದ ಹೋದರೆ ಇಟ್ಟುಕೊಂಡವನು ಹೊಣೆಯಲ್ಲ. ಒಡೆಯ ಕೇಳಿದ ಮೇಲೂ ಕೊಡದೆ ಇಟ್ಟುಕೊಂಡಿದ್ದು ಆಮೇಲೆ ಅದು ಹೋದರೆ, ಬೆಲೆಯನ್ನೂ ಕೊಡಬೇಕು, ಅಷ್ಟೇ ದಂಡವನ್ನೂ ತೆರಬೇಕು. ತನ್ನಿಷ್ಟದಂತೆ ಅದನ್ನು ಬಳಸಿ ಬದುಕಿದವನಿಗೂ ದಂಡ, ಲಾಭ ಸಮೇತ ವಾಪಸಾತಿ. ಇದೇ ವಿಧಿ ಯಾಚಿತಕ್ಕೂ, ಅಂದರೆ ಕೇಳಿ ತಂದದ್ದಕ್ಕೂ, ಅನ್ವಯಿಸುತ್ತದೆ. ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ಕಲ್ಯಾಣದಲ್ಲಿದ್ದವನು, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ಅದು. ಯಾಚಿತಕ್ಕೆ ಅವನು ಕೊಡುವ ಉದಾಹರಣೆ ಮದುವೆ ಮೊದಲಾದ ಉತ್ಸವಗಳಿಗೆ ಕೇಳಿ ತಂದ ಬಟ್ಟೆ, ಒಡವೆ.

ಈ ಪ್ರಕರಣದ ಮೂರು ಅಂಶಗಳು ಕನೆಕ್ಷನ್ ಪೂಲಿನ ನಿಯಮಗಳಲ್ಲಿ ಬಹುತೇಕ ಹಾಗೆಯೇ ಕಾಣುತ್ತವೆ. ಪೂಲ್ ಎಂದರೆ ಮೊದಲೇ ತೆರೆದಿಟ್ಟ ಕೆಲವು ಕನೆಕ್ಷನ್‌ಗಳ ಗುಂಪು. ಕೇಳಿದವರಿಗೆ ಒಂದು ಕೊಟ್ಟು, ಅವರು ಮುಚ್ಚಿದಾಗ ನಿಜವಾಗಿ ಕಡಿಯದೆ ಗುಂಪಿಗೆ ಮರಳಿಸಿಕೊಳ್ಳುತ್ತದೆ. ಮೊದಲ ಅಂಶ, ಪಡೆದ ಹಾಗೆಯೇ ಕೊಡಬೇಕೆಂಬುದು. ಪಡೆದವನು ತನ್ನ ಅನುಕೂಲಕ್ಕೆ ಆಟೊ ಕಮಿಟ್ ನಿಲ್ಲಿಸಿರಬಹುದು, ಐಸೊಲೇಷನ್ ಮಟ್ಟ ಬದಲಿಸಿರಬಹುದು, ಅರ್ಧ ವಹಿವಾಟು ಬಾಕಿ ಬಿಟ್ಟಿರಬಹುದು. ಅದೇ ಸ್ಥಿತಿಯಲ್ಲಿ ಮುಂದಿನವನ ಕೈಗೆ ಹೋದರೆ ಅವನ ಲೆಕ್ಕ ಇವನ ಲೆಕ್ಕದೊಳಗೆ ಬೆರೆಯುತ್ತದೆ. ಆದ್ದರಿಂದ ಹಿಕಾರಿಸಿಪಿಯಂಥ ಪೂಲ್ ವಾಪಸು ಬಂದ ಕನೆಕ್ಷನ್‌ನಲ್ಲಿ ಬಾಕಿ ವಹಿವಾಟಿದ್ದರೆ ರದ್ದು ಮಾಡಿ, ಬದಲಾದ ಲಕ್ಷಣಗಳನ್ನು ಮೊದಲಿದ್ದಂತೆ ಹೊಂದಿಸಿಯೇ ಒಳಗೆ ಸೇರಿಸುತ್ತದೆ. ಪೂಲ್ ಇಲ್ಲದ ಕಡೆ, ವಹಿವಾಟು ಬಾಕಿ ಇರುವಾಗಲೇ ಕನೆಕ್ಷನ್ ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಜಾವಾ ನಿರ್ದಿಷ್ಟಪಡಿಸಿಲ್ಲ, ಅದು ಆಯಾ ಡ್ರೈವರಿಗೆ ಬಿಟ್ಟದ್ದು. ಎರಡನೆಯದು ಕಾಲ. ಮರಳಿಸಬೇಕಾದ ಹೊತ್ತು ದಾಟಿದ ಮೇಲೆ ಹೊಣೆಯ ಸ್ವರೂಪವೇ ಬದಲಾಗುತ್ತದೆ; ಪೂಲಿನಲ್ಲಂತೂ ವಸ್ತು ಹಾಳಾಗದಿದ್ದರೂ ತಡವೇ ಅಪರಾಧ. ಮೂರನೆಯದು ದೈವ. ತಂತಿ ಕಡಿದು ಕನೆಕ್ಷನ್ ಸತ್ತರೆ ಪಡೆದವನ ತಪ್ಪಿಲ್ಲ, ಆದರೂ ಮುಚ್ಚುವ ಕರೆ ಮಾಡಲೇಬೇಕು. ಸತ್ತ ಕನೆಕ್ಷನ್ ಕೂಡ ಪೂಲಿನ ಲೆಕ್ಕದಲ್ಲಿ ಕೊಟ್ಟದ್ದೆಂದೇ ಇರುತ್ತದೆ. ಇಲ್ಲಿ ಪೂಲ್ ಸ್ಮೃತಿಗಿಂತ ನಿಷ್ಠುರ.

ತಪ್ಪಿನ ಫಲ ಯಾರಿಗೆ ತಟ್ಟುತ್ತದೆ ಎಂಬಲ್ಲಿ ಪ್ರಶ್ನೆ ಇನ್ನಷ್ಟು ಆಳಕ್ಕಿಳಿಯುತ್ತದೆ. ಹಿಕಾರಿಸಿಪಿಯಲ್ಲಿ, ಬೇರೆ ಹೇಳದಿದ್ದರೆ, ಪೂಲಿನಲ್ಲಿ ಹೆಚ್ಚೆಂದರೆ 10 ಕನೆಕ್ಷನ್‌ಗಳು. ಒಂದು ಜಾಲತಾಣದ ಸಾವಿರ ಬಗೆಯ ಕೋರಿಕೆಗಳಲ್ಲಿ ಒಂದೇ ಒಂದರಲ್ಲಿ ಲೋಪವಿದೆ ಎಂದಿಟ್ಟುಕೊಂಡರೆ: ಬಳಕೆದಾರ ದಿನಾಂಕವನ್ನು ತಪ್ಪಾಗಿ ಬರೆದಾಗ ಎಕ್ಸೆಪ್ಷನ್ ಬರುತ್ತದೆ, ನಿಯಂತ್ರಣ ಹೊರಗೆ ಜಿಗಿಯುತ್ತದೆ, ಮುಚ್ಚುವ ಸಾಲನ್ನು ಅದು ದಾಟಿಹೋಗಿರುತ್ತದೆ. ದಿನಾಂಕ ಸರಿಯಿದ್ದವರಿಗೆ ಎಲ್ಲವೂ ಸರಿ. ಹತ್ತು ತಪ್ಪು ದಿನಾಂಕಗಳ ನಂತರ ಪೂಲ್ ಬರಿದಾಗುತ್ತದೆ. ಹನ್ನೊಂದನೆಯವರ ದಿನಾಂಕದಲ್ಲಿ ತಪ್ಪಿಲ್ಲ, ಅವರ ಕೋರಿಕೆ ನಡೆಸುವ ಕೋಡಿನಲ್ಲೂ ತಪ್ಪಿಲ್ಲ. ಅವರು 30 ಸೆಕೆಂಡು ಕಾದು, ಕನೆಕ್ಷನ್ ಲಭ್ಯವಿಲ್ಲವೆಂಬ ದೋಷ ಪಡೆದು ಹೊರಡುತ್ತಾರೆ. ದೋಷದ ಜಾಡು ತೋರುವುದು ಅವರ ಕೋಡಿನ ಸಾಲನ್ನೇ. ಸೋರಿಸಿದ ಸಾಲು ಎಲ್ಲಿಯೂ ಕಾಣುವುದಿಲ್ಲ, ಅದು ಬಹುಶಃ ಬೆಳಿಗ್ಗೆಯೇ ನಡೆದು ಮುಗಿದಿತ್ತು.

ಭಾರತೀಯ ದಾರ್ಶನಿಕರು ಇಂಥದ್ದಕ್ಕೆ ಎರಡು ದೋಷಗಳ ಹೆಸರಿಟ್ಟಿದ್ದಾರೆ: ಕೃತನಾಶ ಮತ್ತು ಅಕೃತಾಭ್ಯಾಗಮ. ಮಾಡಿದವನಿಗೆ ಫಲ ತಟ್ಟದೆ ಹೋಗುವುದು ಒಂದು, ಮಾಡದವನ ಮೇಲೆ ಫಲ ಬಂದೆರಗುವುದು ಇನ್ನೊಂದು. ಎಲ್ಲವೂ ಕ್ಷಣಕ್ಷಣಕ್ಕೆ ಅಳಿದು ಹುಟ್ಟುತ್ತದೆ ಎಂಬ ಬೌದ್ಧರ ಕ್ಷಣಿಕವಾದವನ್ನು ಒಪ್ಪಿದರೆ ಈ ಎರಡೂ ದೋಷಗಳು ತಪ್ಪವು ಎಂಬುದು ಅದರ ವಿರುದ್ಧ ಎತ್ತಿದ ಪ್ರಬಲ ವಾದ. ಜೈನ ಆಚಾರ್ಯ ಹೇಮಚಂದ್ರ ಹನ್ನೆರಡನೆಯ ಶತಮಾನದಲ್ಲಿ ಕ್ಷಣಿಕವಾದದ ದೋಷಗಳನ್ನು ಎಣಿಸುವಾಗ ಇವನ್ನೂ ಎಣಿಸಿದ್ದಾನೆ. ಕರ್ಮಸಿದ್ಧಾಂತದಲ್ಲಿ ಇವು ನಡೆಯಬಾರದ ಸಂಗತಿಗಳು, ಯಾವ ವಾದದಿಂದ ಇವು ಹುಟ್ಟುತ್ತವೋ ಆ ವಾದವೇ ಬಿತ್ತು. ಹಂಚಿಕೊಂಡ ಪೂಲಿನಲ್ಲಿ ಇವು ದಿನವೂ ನಡೆಯುತ್ತವೆ. ಕಾರಣ ಸರಳ: ಅಲ್ಲಿ ಕೋರಿಕೆಗಳೆಲ್ಲ ಕ್ಷಣಿಕ, ಒಂದರ ನೆನಪು ಇನ್ನೊಂದಕ್ಕಿಲ್ಲ, ಉಳಿಯುವುದು ಪೂಲ್ ಒಂದೇ. ಮಾಡಿದವನಿಗೂ ಉಣ್ಣುವವನಿಗೂ ನಡುವೆ ಹಾಯುವ ಎಳೆಯನ್ನು ಯಾರಾದರೂ ಕಟ್ಟಿದರೆ ಮಾತ್ರ ಅದು ಇರುತ್ತದೆ. ಪೂಲುಗಳಲ್ಲಿರುವ ಸೋರಿಕೆ ಪತ್ತೆ ಸೌಕರ್ಯ ಆ ಎಳೆ ಕಟ್ಟುತ್ತದೆ. ಕನೆಕ್ಷನ್ ಕೊಡುವಾಗಲೇ ಯಾವ ಸಾಲಿನಿಂದ ಕೇಳಿದರು ಎಂಬ ಜಾಡನ್ನು ಬರೆದಿಟ್ಟುಕೊಂಡು, ಗೊತ್ತುಮಾಡಿದ ಅವಧಿ ಮೀರಿದರೂ ಮರಳದಿದ್ದರೆ ಆ ಜಾಡನ್ನು ದಾಖಲೆಗೆ ಸುರಿಯುತ್ತದೆ. ಹಿಕಾರಿಸಿಪಿಯಲ್ಲಿ ಇದು ತಾನಾಗಿ ಚಾಲನೆಯಲ್ಲಿರುವುದಿಲ್ಲ, ಬೇಕೆಂದವರು ಹಾಕಿಕೊಳ್ಳಬೇಕು. ಸೋರಿಕೆಯ ಶಂಕೆ ಬಂದ ತಂಡ ಮೊದಲು ಮಾಡಬೇಕಾದದ್ದು ಪೂಲಿನ ಗಾತ್ರ ಏರಿಸುವುದಲ್ಲ, ಇದನ್ನು ಹಾಕುವುದು. ಗಾತ್ರವನ್ನು 10ರಿಂದ 50ಕ್ಕೇರಿಸಿದರೆ ಕುಸಿತ ಬೆಳಿಗ್ಗೆಯ ಬದಲು ಸಂಜೆ ಆಗುತ್ತದೆ, ಅಷ್ಟೇ.

ಎಕ್ಸೆಪ್ಷನ್ ಬಂದಾಗಲೂ ಮುಚ್ಚುವ ಸಾಲು ತಪ್ಪದಂತೆ ಮಾಡುವುದು ಹೇಗೆ ಎಂಬುದಕ್ಕೆ ಜಾವಾ ಮೊದಲು ಕೊಟ್ಟ ಉತ್ತರ ಫೈನಲಿ. ಟ್ರೈ ಎಂಬ ಆವರಣದಲ್ಲಿ ಕೆಲಸ, ಫೈನಲಿ ಎಂಬ ಆವರಣದಲ್ಲಿ ಮುಚ್ಚುವಿಕೆ. ಕೆಲಸ ಹೇಗೇ ಮುಗಿಯಲಿ, ಫೈನಲಿ ನಡೆಯುತ್ತದೆ. ನೋಡಲು ಸುಲಭ, ಬರೆಯಲು ದುಸ್ತರ. ಎರಡು ಸ್ಟ್ರೀಮ್‌ಗಳಿದ್ದು ಒಂದನ್ನು ಮುಚ್ಚುವಾಗಲೇ ದೋಷ ಬಂದರೆ ಎರಡನೆಯದು ತೆರೆದೇ ಉಳಿಯುತ್ತದೆ. ಎರಡನೆಯದನ್ನು ತೆರೆಯುವಾಗಲೇ ದೋಷ ಬಂದರೆ ಅದು ಶೂನ್ಯವಾಗಿದ್ದು, ಅದನ್ನು ಮುಚ್ಚಹೋದ ಸಾಲೇ ಮತ್ತೊಂದು ದೋಷ ಎಸೆಯುತ್ತದೆ. ಕೆಲಸದಲ್ಲಿ ಒಂದು ದೋಷ, ಮುಚ್ಚುವಲ್ಲಿ ಇನ್ನೊಂದು ದೋಷ ಬಂದರೆ ಎರಡನೆಯದು ಮೊದಲನೆಯದನ್ನು ಅಳಿಸಿಹಾಕುತ್ತದೆ. ನಿಜವಾದ ಕಾರಣ ಯಾರಿಗೂ ಸಿಗುವುದಿಲ್ಲ. ಜಾವಾದ ಹಲವು ಲೈಬ್ರರಿಗಳನ್ನು ವಿನ್ಯಾಸಗೊಳಿಸಿದ ಜೋಶುವಾ ಬ್ಲಾಕ್, ಎಫೆಕ್ಟಿವ್ ಜಾವಾ ಪುಸ್ತಕದ ಮೂರನೆಯ ಆವೃತ್ತಿಯಲ್ಲಿ ಎರಡು ಸಂಗತಿ ದಾಖಲಿಸಿದ್ದಾರೆ. ತಮ್ಮದೇ ಜಾವಾ ಪಝಲರ್ಸ್ ಪುಸ್ತಕದ 88ನೇ ಪುಟದಲ್ಲಿ ಇದನ್ನು ತಪ್ಪಾಗಿ ಬರೆದಿದ್ದು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳಲಿಲ್ಲ ಎಂಬುದು ಒಂದು. 2007ರಲ್ಲಿ ಜಾವಾದ ಸ್ವಂತ ಲೈಬ್ರರಿಗಳಲ್ಲೇ ಮುಚ್ಚುವ ಮೆಥಡಿನ ಬಳಕೆಗಳಲ್ಲಿ ಮೂರರಲ್ಲಿ ಎರಡು ಪಾಲು ತಪ್ಪಾಗಿದ್ದವು ಎಂಬುದು ಇನ್ನೊಂದು. ಭಾಷೆ ಕಟ್ಟಿದವರ ಅಂಗಳದಲ್ಲೇ ಸ್ಥಿತಿ ಹೀಗಿದ್ದಾಗ ದೋಷವನ್ನು ಪ್ರೋಗ್ರಾಮರ್‌ಗಳ ಸೋಮಾರಿತನದ ಮೇಲೆ ಹೊರಿಸುವುದು ನ್ಯಾಯವಲ್ಲ. ಕರ್ತವ್ಯವನ್ನು ಹೇಳಿದ ರೀತಿಯೇ ಅದನ್ನು ಪಾಲಿಸಲಾಗದಂತೆ ಮಾಡಿತ್ತು.

2011ರ ಜುಲೈನಲ್ಲಿ ಬಂದ ಜಾವಾ 7 ಇದನ್ನು ವ್ಯಾಕರಣಕ್ಕೇ ಸೇರಿಸಿತು. ಟ್ರೈ ಪದದ ಮುಂದಿನ ಕಂಸದಲ್ಲಿ ತೆರೆದದ್ದನ್ನೆಲ್ಲ ಆವರಣ ಮುಗಿದೊಡನೆ ಭಾಷೆಯೇ ಮುಚ್ಚುತ್ತದೆ. ಕನೆಕ್ಷನ್, ಅದರ ಮೇಲೆ ಸ್ಟೇಟ್‌ಮೆಂಟ್, ಅದರ ಮೇಲೆ ರಿಸಲ್ಟ್ ಸೆಟ್ ಎಂದು ತೆರೆದಿದ್ದರೆ ಮುಚ್ಚುವುದು ತಿರುವುಮುರುವಾಗಿ: ಮೊದಲು ರಿಸಲ್ಟ್ ಸೆಟ್, ಕೊನೆಗೆ ಕನೆಕ್ಷನ್. ಒಂದನ್ನು ಮುಚ್ಚುವಾಗ ದೋಷ ಬಂದರೂ ಉಳಿದವು ಮುಚ್ಚುವುದು ನಿಲ್ಲದು. ಮುಚ್ಚುವಾಗ ಬಂದ ದೋಷ ಮೂಲ ದೋಷವನ್ನು ಅಳಿಸುವ ಬದಲು ಅದರ ಬೆನ್ನಿಗೆ ಅಂಟಿಕೊಂಡು ಬರುತ್ತದೆ, ಬೇಕಾದವರು ನೋಡಬಹುದು. ಈ ಸೌಲಭ್ಯ ಪಡೆಯಲು ವಸ್ತು ಆಟೊಕ್ಲೋಸಬಲ್ ಎಂಬ ಒಪ್ಪಂದಕ್ಕೆ ಸಹಿ ಹಾಕಿರಬೇಕು, ಅಂದರೆ ತನ್ನನ್ನು ಮುಚ್ಚಬೇಕು ಎಂಬುದನ್ನು ತನ್ನ ಮೈಮೇಲೆ ಹೊತ್ತಿರಬೇಕು. ಸ್ವಂತದ್ದು, ಎರವಲಿನದು ಎಂಬ ಭೇದ ಇಲ್ಲಿ ಮೊದಲ ಬಾರಿಗೆ ಭಾಷೆಯ ಮಟ್ಟದಲ್ಲೇ ಕಾಣಿಸಿಕೊಂಡಿತು ಎನ್ನಬಹುದು.

ಹೀಗೆ ಮಾಡಿದರೆ ಕರ್ತವ್ಯದಲ್ಲಿ ಕರ್ತವ್ಯವೇ ಉಳಿಯಿತೇ ಎಂಬ ಆಕ್ಷೇಪ ಏಳಬಹುದು. ತಾನಾಗಿ ನಡೆಯುವುದಕ್ಕೆ ಪುಣ್ಯವೆಲ್ಲಿ? ಆಕ್ಷೇಪ ಅಷ್ಟು ಗಟ್ಟಿಯಲ್ಲ. ಫೈನಲೈಸ್ ಮತ್ತು ಟ್ರೈ ಕಂಸ ಎರಡೂ ತಾನಾಗಿ ನಡೆಯುವಂಥವೇ ಆದರೂ ಇವುಗಳ ನಡುವೆ ಅಜಗಜಾಂತರವಿದೆ. ಮೊದಲನೆಯದರಲ್ಲಿ ಪ್ರೋಗ್ರಾಮರ್ ಏನನ್ನೂ ನಿರ್ಧರಿಸಿಲ್ಲ. ಎರಡನೆಯದರಲ್ಲಿ ವಸ್ತುವನ್ನು ಪಡೆಯುವ ಸಾಲಿನಲ್ಲಿಯೇ ಅದನ್ನು ಬಿಡುವ ಜಾಗವನ್ನೂ ಗೊತ್ತುಮಾಡಿದ್ದಾನೆ. ಜೈನ ಗೃಹಸ್ಥನ ಪರಿಗ್ರಹಪರಿಮಾಣ ವ್ರತ ಇದೇ ಮಾದರಿಯದು. ಮುನಿಯಂತೆ ಎಲ್ಲವನ್ನೂ ಬಿಡಲಾರದವನು ಹೊಲ, ಮನೆ, ಚಿನ್ನ, ಧಾನ್ಯ ಇಷ್ಟಕ್ಕೆ ಮೀರದಿರಲಿ ಎಂದು ಮೊದಲೇ ಎಲ್ಲೆ ಹಾಕಿಕೊಳ್ಳುತ್ತಾನೆ. ಆಸೆ ಕೆರಳಿದ ಹೊತ್ತಿನಲ್ಲಿ ನಿರ್ಧಾರ ಮಾಡುವ ಭಾರವನ್ನು ತಣ್ಣಗಿದ್ದ ಹೊತ್ತಿನ ಸಂಕಲ್ಪ ಹೊರುತ್ತದೆ. ಎಕ್ಸೆಪ್ಷನ್ ಬಂದ ಕ್ಷಣ ಪ್ರೋಗ್ರಾಮಿನ ಕೆರಳಿದ ಹೊತ್ತು.

ಇಷ್ಟಾದರೂ ಯಾರು ಮುಚ್ಚಬೇಕು ಎಂಬುದನ್ನು ವ್ಯಾಕರಣ ಹೇಳಲಾರದು. ರೂಢಿಯ ನಿಯಮ, ತೆರೆದವನೇ ಮುಚ್ಚಬೇಕು. ಬೇರೊಬ್ಬನಿಂದ ಕನೆಕ್ಷನ್ ಪಡೆದು ಒಂದು ಪ್ರಶ್ನೆ ನಡೆಸುವ ಮೆಥಡ್ ಅದನ್ನು ಮುಚ್ಚಬಾರದು; ಕೊಟ್ಟವನ ವಹಿವಾಟು ಇನ್ನೂ ನಡುವಿನಲ್ಲಿರಬಹುದು. ಹೊಸಬರು ಕೀಲಿಮಣೆಯಿಂದ ಓದಲು ಸ್ಕ್ಯಾನರ್ ತೆರೆದು, ಶಿಸ್ತಿನಿಂದ ಮುಚ್ಚಿ, ಮತ್ತೊಂದು ಸ್ಕ್ಯಾನರ್ ತೆರೆದಾಗ ಓದಲು ಏನೂ ಸಿಗದೆ ಕಂಗಾಲಾಗುತ್ತಾರೆ. ಹೊರಗಿನ ಸ್ಟ್ರೀಮನ್ನು ಮುಚ್ಚಿದರೆ ಒಳಗಿನದೂ ಮುಚ್ಚುತ್ತದೆ. ಅವರು ಮುಚ್ಚಿದ್ದು ಇಡೀ ಪ್ರೋಗ್ರಾಮಿಗೆ ಸೇರಿದ, ಅವರು ತೆರೆಯದೇ ಇದ್ದ ಒಳಹರಿವನ್ನು. ತನ್ನದಲ್ಲದ್ದನ್ನು ಇಟ್ಟುಕೊಳ್ಳುವುದು ಹೇಗೆ ತಪ್ಪೋ, ತನ್ನದಲ್ಲದ್ದನ್ನು ಬಿಟ್ಟುಕೊಡುವುದೂ ಹಾಗೆಯೇ. ಮುಚ್ಚಲು ಏನೂ ಇಲ್ಲದವೂ ಇವೆ. ಮೆಮೊರಿಯೊಳಗಿನ ಬೈಟ್ ಸಾಲಿನಿಂದ ಓದುವ ಸ್ಟ್ರೀಮನ್ನು ಮುಚ್ಚಿದರೂ ಮುಚ್ಚದಿದ್ದರೂ ವ್ಯತ್ಯಾಸವಿಲ್ಲ. ಜಾವಾ 8ರಿಂದ ಬಂದ, ಸ್ಟ್ರೀಮ್ ಎಂಬ ಹೆಸರನ್ನೇ ಹೊತ್ತ ಇನ್ನೊಂದು ಜಾತಿಯೂ ಬಹುಮಟ್ಟಿಗೆ ಹಾಗೆಯೇ, ಆದರೆ ಫೈಲಿನ ಸಾಲುಗಳನ್ನು ಅಥವಾ ಡೈರೆಕ್ಟರಿಯ ಪಟ್ಟಿಯನ್ನು ಕೊಡುವಂಥವನ್ನು ಮುಚ್ಚಲೇಬೇಕು. ಒಂದೇ ಹೆಸರಿನಲ್ಲಿ ಎರಡೂ ಇರುವುದು ವಿನ್ಯಾಸದ ದೊಡ್ಡ ಸಾಧನೆಯೇನಲ್ಲ.

ಪಡೆದವನ ಮೇಲೆ ಇಷ್ಟೆಲ್ಲ ನಿಯಮ ಹೇರಿದ ಮೇಲೂ ಕೊಟ್ಟವನು ಕೈಕಟ್ಟಿ ಕೂರುವುದಿಲ್ಲ. ಎರವಲಿಗೆ ಅವಧಿ ಕಟ್ಟುವ ವಿಧಾನವನ್ನು ಕ್ಯಾರಿ ಗ್ರೇ ಮತ್ತು ಡೇವಿಡ್ ಚೆರಿಟನ್ 1989ರ ಪ್ರಬಂಧದಲ್ಲಿ ವಿವರಿಸಿದರು: ಅವಧಿ ಮುಗಿಯುವುದರೊಳಗೆ ನವೀಕರಿಸದಿದ್ದರೆ ಹಕ್ಕು ತಾನಾಗಿ ಒಡೆಯನಿಗೆ ಮರಳುತ್ತದೆ, ಪಡೆದವನು ಬದುಕಿದ್ದಾನೋ ಸತ್ತಿದ್ದಾನೋ ವಿಚಾರಿಸಬೇಕಿಲ್ಲ. ಮೈಎಸ್‌ಕ್ಯೂಎಲ್ ಸುಮ್ಮನೆ ಕೂತ ಕನೆಕ್ಷನ್‌ಗೆ 28800 ಸೆಕೆಂಡು, ಅಂದರೆ ಎಂಟು ತಾಸು, ತಾಳ್ಮೆ ತೋರಿ ಆಮೇಲೆ ಕಡಿಯುತ್ತದೆ. ಇದರ ವಿರುದ್ಧ ದಿಕ್ಕಿನ ದೃಶ್ಯವೂ ಉಂಟು. ಸರ್ವರ್ ತನ್ನ ಕಡೆಯಿಂದ ಕಡಿದುಕೊಂಡಿದೆ, ಆ ಸುದ್ದಿ ಈಚೆ ಯಂತ್ರಕ್ಕೆ ತಲುಪಿದೆ, ಜಾವಾ ಪ್ರೋಗ್ರಾಂ ಮಾತ್ರ ಮುಚ್ಚುವ ಕರೆ ಮಾಡಿಲ್ಲ. ಟಿಸಿಪಿಯಲ್ಲಿ ಈ ಸ್ಥಿತಿಯ ಹೆಸರು ಕ್ಲೋಸ್ ವೇಟ್. ಇದಕ್ಕೆ ಅವಧಿಯ ಮಿತಿ ಇಲ್ಲ. ಪ್ರೋಗ್ರಾಂ ಕರೆ ಮಾಡುವ ತನಕ, ಇಲ್ಲವೇ ಸಾಯುವ ತನಕ, ಹಾಗೇ ಇರುತ್ತದೆ. ಜಾವಾ ನಡೆಯುವ ಯಂತ್ರದಲ್ಲಿ ಈ ಸ್ಥಿತಿಯ ನೂರಾರು ಕನೆಕ್ಷನ್‌ಗಳು ಕಂಡರೆ ದೋಷ ಜಾಲದ್ದಲ್ಲ, ಕೋಡಿನದು ಎಂದು ನಿರ್ವಾಹಕರು ಹೆಚ್ಚು ಯೋಚಿಸದೆ ಹೇಳುತ್ತಾರೆ.

ಕೊನೆಗೆ ಪ್ರೋಗ್ರಾಂ ಸತ್ತರೆ ಎಲ್ಲ ಋಣವೂ ಹರಿಯುತ್ತದೆಯೇ? ಆಪರೇಟಿಂಗ್ ಸಿಸ್ಟಮ್ಮಿನ ಮಟ್ಟಿಗೆ ಹೌದು. ಪ್ರೊಸೆಸ್ ಮುಗಿದೊಡನೆ ಅದರ ಡಿಸ್ಕ್ರಿಪ್ಟರ್‌ಗಳನ್ನೆಲ್ಲ ಕರ್ನೆಲ್ ಮುಚ್ಚುತ್ತದೆ, ಕನೆಕ್ಷನ್ ಕಡಿದದ್ದು ಸರ್ವರಿಗೆ ತಿಳಿದು ಬಾಕಿ ವಹಿವಾಟು ರದ್ದಾಗುತ್ತದೆ. ಪ್ರೋಗ್ರಾಮಿನ ಸ್ವಂತ ಬಫರಿನಲ್ಲಿ ಉಳಿದ ಅಕ್ಷರಗಳು ಮಾತ್ರ ಕರ್ನೆಲ್ಲಿಗೆ ಗೊತ್ತೇ ಇಲ್ಲ, ಅವು ಹೋದವು. ಸಿಸ್ಟಂ ಎಕ್ಸಿಟ್ ಎಂಬ ಕರೆಯಿಂದ ಪ್ರೋಗ್ರಾಂ ತಾನೇ ಮುಗಿಸಿಕೊಂಡರೂ ಇದೇ ಗತಿ; ಆ ಕರೆ ಟ್ರೈ ಆವರಣದ ಒಳಗಿದ್ದರೆ ಫೈನಲಿಯೂ ನಡೆಯುವುದಿಲ್ಲ, ಕಂಸದಲ್ಲಿ ತೆರೆದದ್ದೂ ಮುಚ್ಚುವುದಿಲ್ಲ. ಯಂತ್ರಕ್ಕೇ ವಿದ್ಯುತ್ ಹೋದರೆ ಕಡಿದ ಸುದ್ದಿ ಕಳಿಸಲು ಕರ್ನೆಲ್ಲೂ ಇರುವುದಿಲ್ಲ. ಆಚೆ ಕೂತ ಪೋಸ್ಟ್‌ಗ್ರೆಸ್ ಸರ್ವರ್ ಮುಂದಿನ ಮಾತಿಗಾಗಿ ಕಾಯುತ್ತಲೇ ಇರುತ್ತದೆ, ವಹಿವಾಟು ಹಿಡಿದ ಬೀಗಗಳೂ ಹಾಗೇ ಇರುತ್ತವೆ. ಲಿನಕ್ಸ್‌ನ ಮೂಲ ಹೊಂದಿಕೆ ಬದಲಿಸದಿದ್ದರೆ, ಸುಮ್ಮನಾದ ಕನೆಕ್ಷನ್‌ನ ಆಚೆ ತುದಿ ಜೀವಂತವಿದೆಯೇ ಎಂದು ಅದು ಮೊದಲು ತಟ್ಟಿ ನೋಡುವುದು 7200 ಸೆಕೆಂಡಿನ ನಂತರ. ಹೀಗೆ 75 ಸೆಕೆಂಡಿಗೊಮ್ಮೆ ಒಟ್ಟು ಒಂಬತ್ತು ಬಾರಿ ತಟ್ಟಿ, ಉತ್ತರ ಬಾರದಿದ್ದರೆ ಎರಡು ತಾಸು ಹನ್ನೊಂದು ನಿಮಿಷಗಳ ಹೊತ್ತಿಗೆ ಆ ಕನೆಕ್ಷನ್ ಕಡಿಯುತ್ತದೆ.